ಅತ್ತಿಗೆ ಇಲ್ಲದ ವಾರದ ತೊಡದೇವು

ತೊಡದೇವು ಮಾಡುವುದನ್ನು ನಿಂತು ನೋಡುವವರಿಗೆ ಅದು ಬಹಳ ಸುಲಭ ಅನ್ನಿಸುತ್ತದೆ. ನಿಂತು ನೋಡುವವರಿಗೇನು, ಎಲ್ಲವೂ ಸುಲಭವೇ. ಒಲೆಯ ಮೇಲೆ ಮಣ್ಣಿನ ಗಡಿಗೆಯನ್ನು ಬೋರಲು ಹಾಕಿರುತ್ತೇವೆ. ಅಕ್ಕಿ ಅರೆದು ಕಬ್ಬಿನ ಹಾಲು ಸೇರಿಸಿದ ನೀರುಹಿಟ್ಟಿನಲ್ಲಿ ಕೋಲಿಗೆ ಸುತ್ತಿದ ತೆಳು ಬಟ್ಟೆಯನ್ನು ಅದ್ದಿ, ಕಾದ ಗಡಿಗೆಯ ಬೆನ್ನಿನ ಮೇಲೆ ಒಮ್ಮೆ ಎಳೆದರೆ ಕಾಗದದಷ್ಟು ತೆಳ್ಳಗಿನ ಹಾಳೆ ಏಳುತ್ತದೆ. ಬಿಸಿ ಇರುವಾಗಲೇ ತುಪ್ಪ ಸವರಿ ಮಡಚಬೇಕು. ತುಸು ತಡವಾದರೆ ಪುಡಿಪುಡಿ, ತುಸು ಮೊದಲಾದರೆ ಮುದ್ದೆ. ಕಬ್ಬಿನ ಕಾಲ ಮುಗಿದ ಮೇಲೆ ಹಾಲಿನ ಬದಲು ಬೆಲ್ಲ ಹಾಕಿ ಮಾಡುತ್ತೇವೆ.

ಸಿದ್ದಾಪುರದಿಂದ ಬಸ್ಸಿನಲ್ಲಿ ಸ್ವಲ್ಪ ದೂರದ ನಮ್ಮೂರಿನಲ್ಲಿ, ನಮ್ಮ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನಾವು ಐದು ಹೆಂಗಸರು ಸೇರಿ ಈ ಕೆಲಸ ಮಾಡುತ್ತೇವೆ. ಹಿಟ್ಟಿನ ಹದ ಮತ್ತು ಶಿರಸಿಯ ಅಂಗಡಿಗಳ ಜೊತೆಗಿನ ಮಾತುಕತೆ ನನ್ನದು. ಒಲೆಗೆ ಮನ್ಮನೆ ಊರಿನಿಂದ ಬರುವ ಒಬ್ಬಳು. ಮಡಚಲು ಪಕ್ಕದ ಮನೆಗೆ ಹೊಸದಾಗಿ ಬಂದ ಸೊಸೆ. ಪ್ಯಾಕ್ ಮಾಡಲು ಮಾತೇ ಆಡದ ಒಬ್ಬ ಚಿಕ್ಕಮ್ಮ. ಮತ್ತೆ ಗಡಿಗೆಯ ಮುಂದೆ ಕೂತು ತೊಡೆಯುವವಳು, ಅಂದರೆ ಹಾಳೆ ಎಳೆಯುವವಳು, ಅತ್ತಿಗೆ. ರಕ್ತಸಂಬಂಧವೇನಲ್ಲ. ಅವಳ ಗಂಡ ನನ್ನ ತವರಿನ ಕಡೆಯಿಂದ ದೂರದ ಅಣ್ಣ ಆಗಬೇಕು, ಹಾಗಾಗಿ ಅತ್ತಿಗೆ.

ಗಡಿಗೆ ಅವಳದೇ. ತೊಡೆಯುವವರು ತಮ್ಮ ಗಡಿಗೆಯನ್ನು ಇನ್ನೊಬ್ಬರ ಕೈಗೆ ಕೊಡುವ ರೂಢಿ ನಮ್ಮಲ್ಲಿಲ್ಲ. ವರ್ಷಗಟ್ಟಲೆ ಎಣ್ಣೆ ಕುಡಿದು, ಹೊಗೆ ಕುಡಿದು ಗಡಿಗೆಯ ಬೆನ್ನು ನುಣ್ಣಗೆ ಕಪ್ಪಾಗಿರುತ್ತದೆ. ಅಂಥ ಗಡಿಗೆಯ ಮೇಲೆ ಮಾತ್ರ ಹಾಳೆ ತಾನಾಗಿ ಏಳುತ್ತದೆ. ಹೊಸ ಗಡಿಗೆ ತಂದರೆ ಮೊದಲ ವಾರವೆಲ್ಲ ಅಂಟಿಕೊಂಡ ಹಿಟ್ಟು ಕೆರೆಯುವುದೇ ಕೆಲಸ. ಅತ್ತಿಗೆ ಸಂಜೆ ಮನೆಗೆ ಹೋಗುವಾಗ ತನ್ನ ಗಡಿಗೆಯನ್ನು ಎಣ್ಣೆಬಟ್ಟೆಯಿಂದ ಒರೆಸಿ, ಹಳೇ ಸೀರೆ ಸುತ್ತಿ, ಮೂಲೆಯಲ್ಲಿ ಇಟ್ಟು ಹೋಗುತ್ತಿದ್ದಳು. ನಾವು ಯಾರೂ ಮುಟ್ಟುತ್ತಿರಲಿಲ್ಲ.

ಇದರಿಂದ ಆದದ್ದೇನೆಂದರೆ, ಅತ್ತಿಗೆ ಬಾರದ ದಿನ ಶೆಡ್ಡಿಗೆ ಬೀಗ. ಹಾಗಾಗಿ ಅವಳು ಬಾರದ ದಿನ ಬಹಳ ಅಪರೂಪ. ಜ್ವರ ಬಂದರೂ ಸ್ವೆಟರ್ ಹಾಕಿಕೊಂಡು ಬಂದು ಕೂರುತ್ತಿದ್ದಳು. ನಾನು ಅದನ್ನು ಅವಳ ಹೆಮ್ಮೆ ಎಂದುಕೊಂಡು ಸುಮ್ಮನಿದ್ದೆ. ಹೆಮ್ಮೆಯೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ನನ್ನ ಅನುಕೂಲವೂ ಅದರಲ್ಲಿ ಚೆನ್ನಾಗಿಯೇ ಇತ್ತು.

ಅವಳ ಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಾಗ ನಮಗೆ ಶಿರಸಿಯ ಒಂದು ದೊಡ್ಡ ಮದುವೆಯ ಆರ್ಡರ್ ಬಂದಿತ್ತು. ನಾನು ಅವರ ಅಂಗಳದಲ್ಲಿ ನಿಂತು, ಒಳಗೆ ಮಗು ಅಳುವುದು ಕೇಳುತ್ತಿದ್ದರೂ, ಆರ್ಡರಿನ ಸುದ್ದಿ ಹೇಳಿದೆ. ಬಾ ಎಂದು ಕರೆಯಲಿಲ್ಲ. ಕರೆಯದೇ ಬರುವ ಹಾಗೆ ಹೇಳುವುದು ನನಗೆ ಬರುತ್ತದೆ. ಮಾರನೇ ದಿನವೇ ಅತ್ತಿಗೆ ಮಗಳಿಗೆ ಎಣ್ಣೆ ಹಚ್ಚಿ, ನೀರು ಹಾಕಿ, ನೋಡಿಕೊಳ್ಳಿ ಎಂದು ಪಕ್ಕದವರಿಗೆ ಹೇಳಿ ಶೆಡ್ಡಿಗೆ ಬಂದಳು. ಆ ಮಗಳು ಆಮೇಲೆ ಒಂದು ದಿನ ನನ್ನ ಹತ್ತಿರ, ನಗುತ್ತಲೇ, ಅಮ್ಮ ಬರುವವರೆಗೆ ನಾನೂ ಕೂಸೂ ಕೂಡಿ ಅಳುತ್ತಿದ್ದೆವು ಅತ್ತೆ ಎಂದಳು. ನಾನೂ ನಕ್ಕೆ. ಮನೆಗೆ ಬಂದು ಅನ್ನ ಇಳಿಯಲಿಲ್ಲ.

ಹೋದ ವರ್ಷ ಶಿರಸಿಯಲ್ಲಿ ನಮ್ಮಂಥ ಗುಂಪುಗಳಿಗೆ ಒಂದು ದಿನದ ತರಬೇತಿ ಇತ್ತು. ತರಬೇತಿ ಎಂದರೆ ಗೊತ್ತಲ್ಲ, ಬೆಳಿಗ್ಗೆ ಅವಲಕ್ಕಿ ಚಾ, ಮಧ್ಯಾಹ್ನ ಊಟ, ನಡುವೆ ಗೋಡೆಯ ಮೇಲೆ ಚಿತ್ರ. ನಾನು ಅರ್ಧ ಹೊತ್ತು ತೂಕಡಿಸಿದೆ. ಆದರೆ ತರಬೇತಿ ಕೊಡಲು ಬಂದ ಹುಡುಗಿ ಒಂದು ಮಾತು ಹೇಳಿದ್ದು ತಲೆಯಲ್ಲಿ ಕೂತಿತು. ನಿಮ್ಮ ಗುಂಪಿನಲ್ಲಿ ಒಬ್ಬರಿಗೆ ಮಾತ್ರ ಬರುವ ಕೆಲಸ ಯಾವುದು, ಅವರು ನಾಳೆ ಬಾರದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದಳು. ಉಳಿದವರೆಲ್ಲ ನಷ್ಟದ ಲೆಕ್ಕ ಯೋಚಿಸುತ್ತಿದ್ದರೋ ಏನೋ. ನನಗೆ ಆ ಅಂಗಳದ ಅಳು ಕೇಳಿತು. ಅತ್ತಿಗೆಯ ಮಗಳು ಮತ್ತೆ ಬಸುರಿ ಎಂಬ ಸುದ್ದಿ ಆ ವಾರವಷ್ಟೇ ಯಲ್ಲಾಪುರದ ಆಚೆಯ ಇಡಗುಂದಿಯಿಂದ ಬಂದಿತ್ತು. ಈ ಸಲ ಬಾಣಂತನ ಗಂಡನ ಮನೆಯಲ್ಲೇ ಎಂದಾಗಿತ್ತು. ದೊಡ್ಡದಕ್ಕೆ ಶಾಲೆ, ಮನೆಯಲ್ಲಿ ಅತ್ತೆ ಇಲ್ಲ. ಅತ್ತಿಗೆಯೇ ಅಲ್ಲಿಗೆ ಹೋಗಿ ಇರಬೇಕು.

ಶಿರಸಿಯಿಂದ ಬಂದವಳೇ ಎಲ್ಲರನ್ನೂ ಕೂರಿಸಿ ಹೇಳಿದೆ. ಇನ್ನು ಮೇಲೆ ವಾರದಲ್ಲಿ ಒಂದು ದಿನ ಜಾಗ ಬದಲು. ಎಲ್ಲರಿಗೂ ಎಲ್ಲ ಕೆಲಸ ಬರಬೇಕು. ಮನ್ಮನೆಯವಳು ಬಾಯಿಗೆ ಸೆರಗು ಹಿಡಿದು ನಕ್ಕಳು. "ಅಕ್ಕಾ, ನೀವು ಒಲೆ ಮುಂದೆ ಕೂತ್ರೆ ಬೆಂಕಿನೇ ಹೆದರಿ ಆರಿಹೋಗ್ತದೆ" ಅಂದಳು. ನನ್ನ ಸಿಟ್ಟು ಊರಿಗೆಲ್ಲ ಗೊತ್ತು. ಅತ್ತಿಗೆ ಮಾತ್ರ ನಗಲಿಲ್ಲ. "ಯನ್ನ ಗಡಿಗೆ ಕೊಡ್ತಿಲ್ಲೆ" ಅಂದಳು ಅಷ್ಟೇ. ನಿನ್ನ ಗಡಿಗೆ ಬೇಡ, ಹೊಸದು ಮೂರು ತರುತ್ತೇನೆ, ನೀನು ಕಲಿಸು ಎಂದೆ. ಯಾಕೆ ಎಂದು ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳಬೇಕಿತ್ತು, ನೀನು ಮಗಳ ಹತ್ತಿರ ನಿಶ್ಚಿಂತೆಯಿಂದ ಹೋಗುವಂತಾಗಲಿ ಎಂದೇ ಇದೆಲ್ಲ ಅಂತ. ಅದನ್ನು ಹೇಳಿದರೆ ಹಳೆಯದೆಲ್ಲ ಎತ್ತಬೇಕಾಗುತ್ತದಲ್ಲ ಎಂದು ಬಾಯಿ ಮುಚ್ಚಿಕೊಂಡೆ.

ಮೊದಲ ಕೆಲವು ವಾರ ನಮ್ಮನೆ ದನಗಳಿಗೆ ಹಬ್ಬ. ಅಂಟಿದ್ದು, ಹರಿದದ್ದು, ಕರಕಲಾದದ್ದು ಎಲ್ಲ ಕಲಗಚ್ಚಿನ ಬಾನಿಗೆ. ಅತ್ತಿಗೆ ಒಬ್ಬೊಬ್ಬರ ಹಿಂದೆ ನಿಂತು ಮಣಿಕಟ್ಟು ಹಿಡಿದು ಎಳೆಸುತ್ತಿದ್ದಳು. "ಗೋಡೆಗೆ ಸುಣ್ಣ ಹೊಡಿತಾ ಇಲ್ಯೇ ನೀನು, ಕೈ ಹಗೂರ ಬಿಡು" ಎಂದು ಸೊಸೆಗೆ ಬೈಯುವಳು. ಸೊಸೆ ಪಾಪ, ಬೈಸಿಕೊಂಡಷ್ಟೂ ಕಲಿತಳು. ಮಾತೇ ಆಡದ ಚಿಕ್ಕಮ್ಮನಿಗೆ ಎಲ್ಲರಿಗಿಂತ ಬೇಗ ಕೈ ಕೂತಿತು. ಅವಳು ಆ ದಿನ ಮೊದಲ ಸಲ "ಬಂತು" ಅಂದಳು.

ನಾನು ಗಡಿಗೆಯ ಮುಂದೆ ಕೂತ ದಿನ ನನ್ನ ಜಂಭ ಇಳಿಯಿತು. ನನ್ನ ಹಿಟ್ಟಿಗೆ ಸಮ ಇಲ್ಲ ಎಂದುಕೊಂಡಿದ್ದೆ. ಬೆಳಗಿನ ಚಳಿಗೆ ಆ ಹಿಟ್ಟು ಬಟ್ಟೆಯಿಂದ ಇಳಿಯುವುದೇ ಇಲ್ಲ. ಇದೆಂತ, ಇಷ್ಟು ದಿನ ನೀನು ಹೇಗೆ ಎಳೆದೆ ಎಂದು ಅತ್ತಿಗೆಯನ್ನು ಕೇಳಿದರೆ, "ಒಂದು ಸೌಟು ನೀರು ಹಾಕ್ಕತ್ತಿದ್ದೆ, ನೀ ಚಾಕ್ಕೆ ಹೋದಾಗ" ಎಂದಳು. ಹೇಳುವುದಕ್ಕೇನಾಗಿತ್ತು ಎಂದು ರೇಗಿದೆ. "ಹೇಳಿದ್ರೆ ನೀ ಕೇಳ್ತಿದ್ಯಾ?" ಎಂದಳು. ಕೇಳುತ್ತಿರಲಿಲ್ಲ, ಅದು ನಿಜ. ಅತ್ತಿಗೆಯನ್ನು ಒಲೆಗೆ ಕೂರಿಸಿದ ದಿನ ಅವಳ ಕಣ್ಣು ಹೊಗೆಗೆ ಕೆಂಡದ ಹಾಗಾಯಿತು. ಅಲ್ಲಿಯವರೆಗೆ ಮನ್ಮನೆಯವಳನ್ನು ಬೆಂಕಿ ಹೆಚ್ಚಾಯಿತು, ಕಡಿಮೆಯಾಯಿತು ಎಂದು ಗದರುತ್ತಿದ್ದವಳು ಮರುದಿನದಿಂದ ಬೆರಳಿನಲ್ಲೇ ಸನ್ನೆ ಮಾಡತೊಡಗಿದಳು. ಶೆಡ್ಡಿನಲ್ಲಿ ಕೂಗಾಟವೇ ನಿಂತಿತು. ಚಳಿಗಾಲ ಮುಗಿಯುವ ಹೊತ್ತಿಗೆ ನಾಲ್ಕು ಗಡಿಗೆಗಳು ಒಟ್ಟಿಗೆ ನಡೆಯುತ್ತಿದ್ದವು. ಯಾರು ಎದ್ದು ಹೋದರೂ ಯಾರೋ ಒಬ್ಬರು ಬಂದು ಆ ಜಾಗದಲ್ಲಿ ಕೂರುತ್ತಿದ್ದರು. ನನಗೆ ಒಳಗೊಳಗೇ ಖುಷಿ. ನನ್ನ ಪಾಪ ಅರ್ಧ ಕಳೆಯಿತು ಎಂದುಕೊಂಡೆ.

ಮಗಳಿಗೆ ಆರನೇ ತಿಂಗಳಲ್ಲಿ ಆರಾಮಿಲ್ಲದೆ ಹಾಸಿಗೆ ಹಿಡಿಯುವ ಹಾಗಾಯಿತು. ಅತ್ತಿಗೆ ಒಂದು ವಾರ ಇಡಗುಂದಿಗೆ ಹೊರಟಳು. ಶೆಡ್ಡಿಗೆ ಬೀಗ ಬೀಳದೆ ಅವಳು ಹೋದದ್ದು ಅದೇ ಮೊದಲು. ಆ ವಾರ ಶಿರಸಿಯ ಅಂಗಡಿಗೆ ಮಾಮೂಲಿಗಿಂತ ಹೆಚ್ಚು ಕೊಡಬೇಕಿತ್ತು. ಕೊಟ್ಟೆವು. ಅಂಗಡಿಯವರು ಫೋನ್ ಮಾಡಿ ಈ ಸಲದ್ದು ಭಾರೀ ತೆಳ್ಳಗಿದೆ, ಇದೇ ಥರ ಕಳಿಸಿ ಎಂದರು. ಶೆಡ್ಡಿನಲ್ಲಿ ಎಲ್ಲರೂ ನಕ್ಕರು. ನಾನು ನಗುತ್ತಾ ಮೂಲೆಯಲ್ಲಿ ಸೀರೆ ಸುತ್ತಿಟ್ಟ ಗಡಿಗೆಯ ಕಡೆ ನೋಡಿದೆ.

ಅವಳು ಬರುವ ಹಿಂದಿನ ದಿನ ಸೊಸೆ ಒಂದು ಕೆಲಸ ಮಾಡಿದಳು. ಅತ್ತಿಗೆ ಬಂದಾಗ ಎಲ್ಲ ಚೊಕ್ಕಟ ಇರಲಿ ಎಂದು ಅವಳ ಗಡಿಗೆಯನ್ನು ಸೀರೆ ಬಿಚ್ಚಿ ತೆಗೆದು, ಸಾಬೂನು ಹಚ್ಚಿ, ತೆಂಗಿನ ನಾರಿನಿಂದ ಗಸಗಸ ತಿಕ್ಕಿ, ಬಿಸಿಲಿಗೆ ಬೋರಲು ಹಾಕಿದಳು. ಬೆನ್ನಿನ ಕಪ್ಪೆಲ್ಲ ಹೋಗಿ ಕೆಂಪು ಮಣ್ಣು ಕಾಣುತ್ತಿತ್ತು. ನಾನು ಬೈಯಬೇಕೆಂದು ಬಾಯಿ ತೆರೆದರೆ ಅವಳು ನಗುಮುಖ ಮಾಡಿಕೊಂಡು ನಿಂತಿದ್ದಾಳೆ, ಹೊಳಿತಾ ಇದ್ದು ಅಲ್ದಾ ಎಂದು ಕೇಳುತ್ತಾಳೆ. ಅವಳ ತವರು ಬನವಾಸಿ ಕಡೆ, ಅಲ್ಲಿ ತೊಡದೇವು ಇಲ್ಲ. ಯಾರೂ ಹೇಳದ ಮೇಲೆ ಅವಳಿಗೆ ಗೊತ್ತಾಗುವುದು ಹೇಗೆ? ಎಲ್ಲ ಕಲಿಸಿದ್ದೆವು, ಗಡಿಗೆ ತೊಳೆಯಬಾರದು ಎಂಬುದನ್ನು ಕಲಿಸಿರಲಿಲ್ಲ. ಅದು ಎಲ್ಲರಿಗೂ ಗೊತ್ತಿರುವ ಸಂಗತಿ ಎಂದುಕೊಂಡಿದ್ದೆವು.

ಮರುದಿನ ಅತ್ತಿಗೆ ಬಂದಳು. ಗಡಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಒಲೆಗೆ ಹಾಕಿ, ಎಣ್ಣೆ ಸವರಿ, ಒಂದು ಹಾಳೆ ಎಳೆದಳು. ಅಂಟಿತು. ಇನ್ನೊಂದು ಎಳೆದಳು. ಅದೂ ಅಂಟಿತು. ಅವಳ ಹಾಳೆ ಅಂಟಿದ್ದನ್ನು ನಾವು ಯಾರೂ ಕಂಡಿರಲಿಲ್ಲ. ಉಳಿದ ಗಡಿಗೆಗಳ ಮೇಲೆ ಸೊಸೆಯದೂ ಚಿಕ್ಕಮ್ಮನದೂ ಹಾಳೆಗಳು ಪಟಪಟ ಏಳುತ್ತಿದ್ದವು. ಅತ್ತಿಗೆ ಕೋಲು ಇಟ್ಟು ನನ್ನ ಕಡೆ ತಿರುಗಿ, "ಆನಿಲ್ದೆ ಆತಾ?" ಎಂದು ಕೇಳಿದಳು.

ಆಯಿತು, ನೀನಿಲ್ಲದೆಯೂ ಆಯಿತು ಎನ್ನಬೇಕಿತ್ತು. ಇಷ್ಟು ತಿಂಗಳು ಜಾಗ ಬದಲಿಸಿ ಬದಲಿಸಿ ಕೂತದ್ದೇ ಆ ಒಂದು ಮಾತು ಹೇಳಲಿಕ್ಕೆ. ಆದರೆ ಅವಳ ಮುಖ ನೋಡಿದೆ. ಕೆರೆದ ಹಿಟ್ಟು ಅವಳ ಉಗುರಿನಲ್ಲಿತ್ತು. "ಎಲ್ಲಿ ಆಗ್ತು ಮಾರಾಯ್ತಿ" ಅಂದುಬಿಟ್ಟೆ. "ನೀನಿಲ್ದೆ ಇಲ್ಲಿ ಎಂತದೂ ಆಗ್ತಿಲ್ಲೆ. ನೋಡು, ಇವೆಲ್ಲ ಸೇರಿ ಗಡಿಗೆನೂ ಹಾಳು ಮಾಡಿ ಇಟ್ಟಿದ್ದ." ಸೊಸೆಯ ಕೈ ನಿಂತಿತು. ಅವಳು ಒಂದು ವಾರ ಬೆರಳು ಸುಟ್ಟುಕೊಂಡು ಮಾಡಿದ್ದನ್ನು ನಾನು ಅರ್ಧ ನಿಮಿಷದಲ್ಲಿ ಇಲ್ಲವೆನ್ನಿಸಿದೆ. ಅವಳು ಸಂಜೆ ಹೋಗುವಾಗ ನನ್ನನ್ನು ಮಾತನಾಡಿಸದೆ ಹೋದಳು. ಅತ್ತಿಗೆ ಮಾತ್ರ ಅಂದು ಬಹಳ ದಿನದ ಮೇಲೆ ಗಟ್ಟಿಯಾಗಿ ಮಾತನಾಡುತ್ತಾ ಕೂತಿದ್ದಳು. ನಾನು ಮಾಡಿದ್ದು ಒಳ್ಳೆಯದೇ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಆ ಸಮಾಧಾನ ಹೆಚ್ಚು ದಿನ ಬಾಳಲಿಲ್ಲ. ಹೆರಿಗೆಗೆ ಇನ್ನು ಸ್ವಲ್ಪವೇ ದಿನ ಇರುವಾಗ ಇಡಗುಂದಿಯಿಂದ ಆ ಮಗಳ ಫೋನ್ ಬಂತು. ಅವಳು ನನಗೆ ಫೋನ್ ಮಾಡುವುದು ಅಪರೂಪ. "ಅತ್ತೆ, ಈ ಸಲನೂ ಅಮ್ಮನ್ನ ಬಿಡ್ತಿಲ್ಯಾ?" ಎಂದು ಕೇಳಿದಳು. ಈ ಸಲ ನಗುತ್ತಿರಲಿಲ್ಲ. ಅಮ್ಮ ಬರುವುದಿಲ್ಲವಂತೆ, ಮದುವೆಗಳ ಕಾಲ, ಶೆಡ್ಡು ಬಿಟ್ಟು ಬಂದರೆ ಎಲ್ಲ ಹಾಳಾಗುತ್ತದಂತೆ, ಕೆಲಸಕ್ಕೆ ಯಾರನ್ನಾದರೂ ಇಟ್ಟುಕೋ ಎಂದಳಂತೆ. ನೀವು ಎಲ್ಲರಿಗೂ ಕಲಿಸಿದ್ದೀರಿ ಎಂದು ಅಮ್ಮನೇ ಹೇಳಿದ್ದಳು, ಅದೆಲ್ಲ ಸುಳ್ಳಾ ಎಂದು ಕೇಳಿದಳು. ಕಳಿಸುತ್ತೇನೆ ಮಗಾ, ಖಂಡಿತ ಕಳಿಸುತ್ತೇನೆ ಎಂದು ಹೇಳಿ ಫೋನ್ ಇಟ್ಟೆ.

ಅಲ್ಲಿಂದ ನೆಟ್ಟಗೆ ಶೆಡ್ಡಿಗೆ ಹೋದೆ. ಒಂದು ಚಾ ಕುಡಿದು, ಅತ್ತಿಗೆಯನ್ನು ಹೊರಗೆ ಕರೆದು, ಮೆತ್ತಗೆ ಹೇಳಬಹುದಿತ್ತು. ನನಗೆ ನನ್ನ ಮೇಲೆಯೇ ಸಿಟ್ಟು ಬಂದಿತ್ತು, ಮತ್ತು ನನಗೆ ನನ್ನ ಮೇಲೆ ಸಿಟ್ಟು ಬಂದಾಗ ಎದುರಿಗಿದ್ದವರ ಗತಿ ಕೆಟ್ಟಿತು ಎಂದೇ ಅರ್ಥ. "ಮಗಳ ಮನೆಗೆ ಹೋಗ್ತಿಲ್ಲೆ ಅಂದ್ಯಡ?" ಎಂದೆ. "ಹೋದ್ರೆ ಇಲ್ಲಿ ಯಾರು ನೋಡ್ತ?" ಎಂದಳು, ಕೋಲು ಎಳೆಯುತ್ತಲೇ. "ನೀನಿಲ್ದೆ ಆಗ್ತು ಅತ್ತಿಗೆ. ಆವತ್ತೂ ಆಗಿತ್ತು. ಚಲೋನೇ ಆಗಿತ್ತು, ಅಂಗಡಿಯವು ಹೊಗಳಿದ್ದ. ಆನು ಹೇಳಿದ್ದು ಸುಳ್ಳು." ಒಂದೇ ಉಸಿರಿಗೆ ಹೇಳಿದೆ, ಎಲ್ಲರ ಎದುರಿಗೆ.

ಅತ್ತಿಗೆ ಎಳೆಯುತ್ತಿದ್ದ ಹಾಳೆಯನ್ನು ಮುಗಿಸಿದಳು. ಮಡಚಿದಳು. ಕೋಲಿನ ಬಟ್ಟೆ ಬಿಚ್ಚಿ, ತೊಳೆದು, ಹಗ್ಗದ ಮೇಲೆ ಹರವಿದಳು. "ಹಂಗಾರೆ ನಾಳೆ ಬೆಳಿಗ್ಗೆ ಬಸ್ಸಿಗೆ ಹೋಗ್ತೆ" ಅಂದಳು, ಅಷ್ಟೇ. ಸೊಸೆ ಅವಳ ಹಿಂದೆಯೇ ಬಾಗಿಲವರೆಗೆ ಓಡಿದಳು. ನಾನು ಹಿಟ್ಟಿನ ಪಾತ್ರೆಯಲ್ಲಿ ಕೈ ಇಟ್ಟುಕೊಂಡು ಕೂತೇ ಇದ್ದೆ.

ಗಂಡು ಮಗು ಹುಟ್ಟಿತು. ಸುದ್ದಿ ಬಂದದ್ದು ಮಗಳಿಂದ, ಅತ್ತಿಗೆಯಿಂದಲ್ಲ. ನಾನು ಮಾಡಿದ ಫೋನಿಗೆಲ್ಲ ಅವಳು ಉತ್ತರ ಕೊಡುತ್ತಿದ್ದಳು. ಆದರೆ ತಾನಾಗಿ ಮಾಡಲಿಲ್ಲ. ಶೆಡ್ಡಿನ ಬಗ್ಗೆ ಒಂದು ಮಾತು ಕೇಳಲಿಲ್ಲ. ಕೊನೆಗೆ ನಾನೇ ಹೋಗಿ ಬರುವುದೆಂದು ಹೊರಟೆ. ನನ್ನ ಕೆಲಸವನ್ನೂ ಆ ಹೊತ್ತಿಗೆ ಎಲ್ಲರೂ ಕಲಿತಿದ್ದರು. ಶಿರಸಿಯಲ್ಲಿ ಬಸ್ಸು ಬದಲಿಸಿ ಯಲ್ಲಾಪುರಕ್ಕೆ ಇಳಿದಾಗ ಮನಸ್ಸು ತಡೆಯದೆ ಶೆಡ್ಡಿಗೆ ಫೋನ್ ಹಚ್ಚಿದೆ. ಹಿಟ್ಟು ಹೇಗಿದೆ, ಅಂಗಡಿಯವರು ಬಂದರಾ, ಲೆಕ್ಕ ತಪ್ಪಿತಾ. ಸೊಸೆ ಎಲ್ಲದಕ್ಕೂ ಉತ್ತರ ಹೇಳಿ, "ನೀವು ಎಂತದೂ ತಲೆಬಿಸಿ ಮಾಡ್ಕಳಡಿ. ಎಲ್ಲ ಆಗ್ತಾ ಇದ್ದು. ಬೇಕಾದ್ರೆ ಎರಡು ದಿನ ಉಳದು ಬನ್ನಿ" ಎಂದಳು. ಪ್ರೀತಿಯಿಂದಲೇ ಹೇಳಿದಳು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ನನಗೆ ಯಾರೋ ಎದೆಗೆ ಕೈಯಿಟ್ಟು ಹಿಂದಕ್ಕೆ ದೂಡಿದ ಹಾಗಾಯಿತು. ಬೇಕಾದ್ದು ಇದೇ ತಾನೇ ಎಂದು ನನ್ನನ್ನೇ ಕೇಳಿಕೊಂಡೆ. ಹೌದು, ಇದೇ. ಆದರೂ ಕಣ್ಣಲ್ಲಿ ನೀರು ಬಂತು. ಅತ್ತಿಗೆಗೆ ಇದೇ ಮಾತನ್ನು ನಾನು ನಾಲ್ಕು ಜನರ ಮುಂದೆ ಬೈಗುಳದ ಹಾಗೆ ಹೇಳಿದ್ದೆ.

ಇಡಗುಂದಿಯ ಮನೆಯಲ್ಲಿ ಅತ್ತಿಗೆ ಬಚ್ಚಲಿನಿಂದ ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬರುತ್ತಿದ್ದಳು. ಮಗಳು ಒಳಗೆ ನಿದ್ದೆ ಹೋಗಿದ್ದಳು. ಬಾಣಂತಿ ಮೈ ತುಂಬಿಕೊಂಡಿದ್ದಾಳೆ, ಮನೆ ಶಾಂತವಾಗಿದೆ, ಎಲ್ಲ ಹೇಗಿರಬೇಕೋ ಹಾಗೆಯೇ ಇತ್ತು. ಅತ್ತಿಗೆ ಜಗುಲಿಯಲ್ಲಿ ಕೂತು ಕೂಸಿನ ತಲೆ ಒರೆಸುತ್ತಾ, ಬಸ್ಸಲ್ಲಿ ಸೀಟು ಸಿಕ್ಕಿತಾ ಎಂದೆಲ್ಲ ಕೇಳಿದಳು. ನನಗೆ ಹೆಚ್ಚು ಹೊತ್ತು ತಡೆಯಲಾಗಲಿಲ್ಲ. "ಆವತ್ತು ಸುಳ್ಳು ಹೇಳಿ ತಪ್ಪು ಮಾಡ್ದೆ ಅತ್ತಿಗೆ. ನೀನು ಅದನ್ನ ನಂಬಿ ಇಲ್ಲಿಗೆ ಬರದೇ ಬಿಡ್ತಿದ್ದೆ" ಎಂದೆ.

"ನಂಬಿದ್ದಿಲ್ಲೆ" ಎಂದಳು.

"ಮತ್ತೆ?" ಎಂದೆ.

"ಬಂದ ದಿನನೇ ಗೊತ್ತಾಗಿತ್ತು. ಹೊಸ ಗಡಿಗೆ ಮೂರೂ ಒಂದೇ ವಾರದಲ್ಲಿ ಮತ್ತೂ ಕರೀ ಆಗಿತ್ತು. ಮಾಡದೆ ಹಂಗೆ ಆಗ್ತಾ?" ಕೂಸಿನ ಕಿವಿಯ ಹಿಂದೆ ಬಟ್ಟೆಯ ತುದಿಯಿಂದ ಒತ್ತಿದಳು. "ಸುಳ್ಳು ಅಂತ ಗೊತ್ತಿತ್ತು ತಂಗಿ. ಆದ್ರೂ ಕೇಳಲೆ ಚಲೋ ಆಗಿತ್ತು. ಅದನ್ನ ಬಿಟ್ಟು ಬರಲೆ ಮನಸ್ಸಾಗಿದ್ದಿಲ್ಲೆ. ಇಷ್ಟು ವರ್ಷ ಕೂತೆ ಅಲ್ಲಿ, ನೀನಿಲ್ದೆ ಆಗ್ತಿಲ್ಲೆ ಅಂತ ಒಂದು ದಿನ ಯಾರೂ ಹೇಳಿದ್ದಿಲ್ಲೆ. ನೀನೂ ಹೇಳಿದ್ದಿಲ್ಲೆ."

ನಾನು ಲೆಕ್ಕ ಹಾಕಿ ನೋಡಿದೆ. ಹೇಳಿರಲಿಲ್ಲ. ಜ್ವರದಲ್ಲಿ ಬಂದು ಕೂತಾಗ, ಕೂಸನ್ನು ಬಿಟ್ಟು ಬಂದಾಗ, ಒಬ್ಬಳ ಕೈಯಿಂದಲೇ ಇಡೀ ಶೆಡ್ಡು ನಡೆಯುತ್ತಿದ್ದಾಗ ಹೇಳಿರಲಿಲ್ಲ. ಆ ಮಾತು ನಿಜವಾಗಿದ್ದಷ್ಟು ದಿನ ನನಗೆ ಹೇಳಬೇಕೆಂದೇ ತೋಚಲಿಲ್ಲ. ಸುಳ್ಳಾದ ಮೇಲೆ ಹೇಳಿದೆ, ಅದನ್ನೂ ಆಮೇಲೆ ಕಿತ್ತುಕೊಂಡೆ.

ಈಗ ಏನು ಹೇಳಿದರೂ ಅವಳಿಗೆ ಸುಳ್ಳಾಗಿಯೇ ಕೇಳಿಸುತ್ತಿತ್ತು. ಅತ್ತಿಗೆ ಕೂಸನ್ನು ನನ್ನ ಮಡಿಲಿಗೆ ಹಾಕಿ, ಕುತ್ತಿಗೆ ಹಿಡಿದುಕೊ ಎಂದು ಹೇಳಿ, ಮಗಳಿಗೆ ಕಷಾಯ ಇಡಲು ಒಳಗೆ ಹೋದಳು.